ಜಂಕ್ಷನ್ನಿನಲ್ಲಿ ಒಂದು ವಾರ

ರೈಲು ಪ್ರವಾಸವೆಂದೊಡನೆ ದೂರದ ಊರುಗಳೇ ಕಣ್ಣ ಮುಂದೆ ನಿಲ್ಲುತ್ತವೆ. ರಾತ್ರಿಯಿಡೀ ಓಡಿ, ಬೆಳಗಾಗುವಾಗ ಬೇರೊಂದು ಭಾಷೆಯ ಊರಿನಲ್ಲಿ ಇಳಿಸಿದರೆ ಮಾತ್ರ ಅದು ಪ್ರವಾಸವೆಂದು ಜನರ ಭಾವನೆ. ಸಾಂಗಲಿ ಮತ್ತು ಮಿರಜಗಳ ನಡುವಿನ ಹಳಿ ಹತ್ತು ಕಿಲೋಮೀಟರಿಗಿಂತ ಕಡಿಮೆ. ಮಧ್ಯದಲ್ಲಿ ವಿಶ್ರಾಮಬಾಗ ಎಂಬ ಒಂದು ಚಿಕ್ಕ ನಿಲ್ದಾಣ. ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತವರು ಶೇಂಗಾದ ಪೊಟ್ಟಣ ಮುಗಿಸುವುದರೊಳಗೆ ಇಳಿಯುವ ಊರು ಬಂದಿರುತ್ತದೆ. 1998ರಿಂದ ಈ ಎರಡೂ ಊರುಗಳು ಕುಪವಾಡದೊಡನೆ ಕೂಡಿ ಒಂದೇ ಮಹಾನಗರಪಾಲಿಕೆಯಾಗಿವೆ. ಆದರೂ ಇವು ಒಂದೇ ಊರಲ್ಲ. ಸಾಂಗಲಿ ಗಣಪತಿಯ ಊರು, ಅರಿಸಿನ ಮತ್ತು ಒಣದ್ರಾಕ್ಷಿಯ ಪೇಟೆ, ನಾಟಕದ ತವರು. ಮಿರಜ ದರ್ಗಾದ ಊರು, ತಂಬೂರಿಯ ಊರು, ಆಸ್ಪತ್ರೆಗಳ ಊರು. ಎಲ್ಲಕ್ಕಿಂತ ಮಿಗಿಲಾಗಿ, ಜಂಕ್ಷನ್.

ಈ ಎರಡರ ನಡುವೆ ಮೇ ತಿಂಗಳ ರಜೆಯಲ್ಲಿ ಒಂದು ವಾರ ಓಡಾಡಿದವರು ಇಬ್ಬರು. ಒಬ್ಬರು ಜತ್ತ ತಾಲೂಕಿನ ಕನ್ನಡ ಮಾತಿನ ಹಳ್ಳಿಯವರು, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದ ಮುದುಕರು. ಇನ್ನೊಬ್ಬಳು ಅವರ ಮೊಮ್ಮಗಳು, ಬಿ.ಎ. ಎರಡನೆಯ ವರ್ಷ ಮುಗಿಸಿದವಳು. ಮುದುಕರ ಕಣ್ಣಿನ ಪೊರೆ ತೆಗೆಸಿ ಒಂದೂವರೆ ತಿಂಗಳಾಗಿತ್ತು. ತಪಾಸಣೆಗೆಂದು ಸೋಮವಾರ ಮಿರಜಕ್ಕೆ ಬಂದರು. ಚಷ್ಮಾಕ್ಕೆ ಅಳತೆ ಕೊಟ್ಟು ಮುಂದಿನ ಸೋಮವಾರ ಬರಲು ಹೇಳಿದರು. ಊರಿಗೆ ಹೋಗಿ ಬರುವುದೇಕೆಂದು ಇಬ್ಬರೂ ಮಿರಜದಲ್ಲಿರುವ ಅತ್ತೆಯ ಮನೆಯಲ್ಲಿ ಉಳಿದರು. ಹುಡುಗಿಯ ಚೀಲದಲ್ಲಿ ಮೂರನೆಯ ವರ್ಷದ ಪ್ರವೇಶದ ಅರ್ಜಿಯೊಂದಿತ್ತು. ಮುಖ್ಯ ವಿಷಯದ ಜಾಗ ಖಾಲಿ. ಕನ್ನಡ ಓದಿ ಮಹಾರಾಷ್ಟ್ರದಲ್ಲಿ ಏನು ಮಾಡುತ್ತೀಯೆಂದು ಮನೆಯಲ್ಲಿ ಕಾಕಾ ಕೇಳಿದ್ದರು. ಅವರದು ಕುಹಕದ ಪ್ರಶ್ನೆಯಲ್ಲ, ಹಿತದ ಪ್ರಶ್ನೆ. ಆದುದರಿಂದಲೇ ಉತ್ತರ ಕಷ್ಟವಾಗಿತ್ತು.

ಮಂಗಳವಾರ ಮುದುಕರು ಮೊಮ್ಮಗಳನ್ನು ಮೊದಲು ಕರೆದುಕೊಂಡು ಹೋದುದು ಸ್ಟೇಷನ್ನಿಗೆ. ಹೊಸ ಕಣ್ಣಿನಿಂದ ನೋಡಲು ಅವರು ಬಯಸಿದ್ದು ಹಳಿಯನ್ನು. ಒಂದು ಕಾಲದಲ್ಲಿ ಮಿರಜದಲ್ಲಿ ಮೂರು ಅಳತೆಯ ಹಳಿಗಳು ಕೂಡುತ್ತಿದ್ದವು. ಪುಣೆಯ ಕಡೆಗೆ 1676 ಮಿಲಿಮೀಟರಿನ ಬ್ರಾಡ್‌ಗೇಜ್, ಬೆಳಗಾವಿ–ಹುಬ್ಬಳ್ಳಿಯ ಕಡೆಗೆ ಒಂದು ಮೀಟರಿನ ಮೀಟರ್‌ಗೇಜ್, ಪಂಢರಪುರ–ಲಾತೂರಿನ ಕಡೆಗೆ 762 ಮಿಲಿಮೀಟರಿನ ಸಣ್ಣ ಹಳಿ. ಮುಂಬಯಿಯಿಂದ ಬೆಂಗಳೂರಿಗೆ ಹೊರಟವರು ಇಲ್ಲಿ ಇಳಿದು ಗಂಟುಮೂಟೆ ಹೊತ್ತು ಇನ್ನೊಂದು ಗಾಡಿಗೆ ಏರಬೇಕಿತ್ತು. ಸರಕನ್ನೂ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು.

"ಗಾಡಿ ಮುಂದ ಹೋಗತಿರಲಿಲ್ಲ ಯವ್ವಾ, ಮಾಲು ಹೋಗಬೇಕಾಗಿತ್ತು. ನಡುವ ಹೆಗಲ ಕೊಡಾಂವ ಒಬ್ಬಾಂವ ಬೇಕಾಗತಿದ್ದ" ಎಂದರು ಮುದುಕರು.

ಈಗ ಎಲ್ಲ ಹಳಿಯೂ ಒಂದೇ ಅಳತೆ. ಬೆಂಗಳೂರಿನ ಗಾಡಿಗಾಗಿ ಯಾರೂ ಇಲ್ಲಿ ಹಳಿ ಬದಲಿಸಬೇಕಾಗಿಲ್ಲ. ಅದರ ಲಾಭ ದೊಡ್ಡದು. 2016ರ ಏಪ್ರಿಲಿನಲ್ಲಿ ಬರದಿಂದ ಬೆಂದಿದ್ದ ಲಾತೂರಿಗೆ ಮಿರಜದಿಂದ ಕೃಷ್ಣೆಯ ನೀರು ರೈಲಿನಲ್ಲಿಯೇ ಹೋಯಿತು. ಮೊದಲ ಗಾಡಿಯಲ್ಲಿ 10 ಟ್ಯಾಂಕರು, 5 ಲಕ್ಷ ಲೀಟರು. ಸಣ್ಣ ಹಳಿಯ ಮೇಲೆ ಅಂಥ ಭಾರದ ಗಾಡಿ ಓಡುತ್ತಿರಲಿಲ್ಲವೆಂದು ಮುದುಕರು ವಿವರಿಸಿದರು. ತಮ್ಮ ಹೆಗಲಿನ ಕೆಲಸ ಹೋದುದಕ್ಕೆ ಅವರಿಗೆ ದುಃಖವಿರಲಿಲ್ಲ.

ಬುಧವಾರ ಮಿರಜದ ಪೇಟೆ. ಇಲ್ಲಿ ಸಿತಾರು–ತಂಬೂರಿ ಮಾಡುವ ಶಿಕಲಗಾರ ಮನೆತನಗಳು ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವು. ಆಯುಧಗಳ ಕಾಲ ಮುಗಿದ ಮೇಲೆ ಅದೇ ಕೈಗಳು ತಂತಿವಾದ್ಯಕ್ಕೆ ತಿರುಗಿದವು. ಪಂಢರಪುರದ ಸುತ್ತಲಿನ ದೊಡ್ಡ ಸೋರೆ ಇಲ್ಲಿಗೆ ಬಂದು ತಂಬೂರಿಯ ಬುರುಡೆಯಾಗುತ್ತದೆ. 2024ರಲ್ಲಿ ಮಿರಜದ ಸಿತಾರು ಮತ್ತು ತಂಬೂರಿಗಳಿಗೆ ಭೌಗೋಲಿಕ ಗುರುತಿನ ಮನ್ನಣೆ ದೊರೆಯಿತು.

ಅಲ್ಲಿಂದ ಮೀರಾಸಾಹೇಬರ ದರ್ಗಾ. ಅದರ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಸಮಾಧಿಯಿದೆ. ಉತ್ತರದ ಕೈರಾನಾದಲ್ಲಿ ಹುಟ್ಟಿದ ಖಾನಸಾಹೇಬರು ಮಿರಜದಲ್ಲಿ ನೆಲೆಸಿದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರು ಆ ಶಿಷ್ಯರ ಶಿಷ್ಯರು. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಾಗ ಖಾನಸಾಹೇಬರಿಗೆ ದೇಹಾಲಸ್ಯವಾಯಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ಕೊನೆಯುಸಿರೆಳೆದರು. ಮೊಮ್ಮಗಳು ಇದನ್ನು ಹೇಳಿದಾಗ ಮುದುಕರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಲ್ಲೋ ಪ್ಲಾಟಫಾರ್ಮಿನ ಮ್ಯಾಲ ಜೀವ ಬಿಟ್ಟಾಂವನ್ನ ಇಲ್ಲಿ ತನಕ ತಂದು ಮಣ್ಣ ಕೊಟ್ಟಾರ ಅಂದ್ರ, ಈ ಊರು ಅವರನ್ನ ತನ್ನವರು ಅಂದಿತ್ತು" ಎಂದರು.

ಗುರುವಾರ ವಿಶ್ರಾಮಬಾಗದಲ್ಲಿ ಇಳಿದು ವಿಲಿಂಗ್ಡನ್ ಕಾಲೇಜಿನ ಮರಗಳ ನೆರಳಿನಲ್ಲಿ ನಡೆದರು. 1919ರಲ್ಲಿ ಆರಂಭವಾದ ಈ ಕಾಲೇಜಿಗೆ ವಿ.ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು. ರಂ.ಶ್ರೀ. ಮುಗಳಿಯವರು ಅನೇಕ ವರ್ಷ ಇಲ್ಲಿ ಕನ್ನಡ ಕಲಿಸಿದರು. ಅವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪರೀಕ್ಷೆಗಾಗಿ ಆ ಪುಸ್ತಕದ ಟಿಪ್ಪಣಿ ಬರೆದುಕೊಂಡಿದ್ದ ಹುಡುಗಿಗೆ, ಅದನ್ನು ಬರೆದವರು ತನ್ನ ಜಿಲ್ಲೆಯ ಈ ದಾರಿಯಲ್ಲಿ ಓಡಾಡಿದವರೆಂಬುದು ಹೊಸ ಸಂಗತಿಯಾಗಿತ್ತು.

ಶುಕ್ರವಾರ ಸಾಂಗಲಿಯ ಸರದಿ. ವಿಷ್ಣುದಾಸ ಭಾವೆಯವರ ಹೆಸರಿನ ನಾಟ್ಯಗೃಹದ ಮುಂದೆ ಇಬ್ಬರೂ ನಿಂತರು. 1843ರಲ್ಲಿ ಭಾವೆಯವರು ಇಲ್ಲಿ 'ಸೀತಾ ಸ್ವಯಂವರ'ವನ್ನು ಆಡಿದರು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದ ಎಣಿಸುತ್ತದೆ. ಅದಕ್ಕೆ ಸ್ವಲ್ಪ ಮೊದಲು ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತ್ತು. ಅಂಥದು ಮರಾಠಿಯಲ್ಲಿಯೂ ಆಗಬೇಕೆಂದು ಸಂಸ್ಥಾನದ ಚಿಂತಾಮಣರಾವ್ ಪಟವರ್ಧನರು ಭಾವೆಯವರಿಗೆ ಸೂಚಿಸಿದರು. ಮುಂದೆ ಮರಾಠಿ ಕಂಪನಿಗಳು ಉತ್ತರ ಕರ್ನಾಟಕವನ್ನು ಮೆಚ್ಚಿಸಿದವು. ಅದನ್ನು ಕಂಡು ಶಾಂತಕವಿಗಳು ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಕೊಟ್ಟುದು ಬಡ್ಡಿಸಹಿತ ಮರಳಿ ಬಂದಿತು. ಸಾಲಗಾರರು ಯಾರು, ಸಾಹುಕಾರರು ಯಾರು ಎಂದು ಲೆಕ್ಕ ಹಾಕುವುದು ಇಲ್ಲಿ ವ್ಯರ್ಥ.

ಶನಿವಾರ ಹರಿಪುರ. ಕೃಷ್ಣೆಗೆ ವಾರಣೆ ಬಂದು ಕೂಡುವ ಸ್ಥಳ. ಅಲ್ಲಿ ನೆಲದೊಳಗೆ ತೋಡಿದ ಕಣಜಗಳಲ್ಲಿ ಅರಿಸಿನ ಕೂಡಿಡುವ ರೂಢಿಯಿತ್ತು. ಮಹಾಪೂರಗಳು ಬಂದ ಮೇಲೆ ಅದು ಕಡಿಮೆಯಾಗಿ ಮಾಲು ಗೋದಾಮುಗಳಿಗೆ ಹೋಗುತ್ತಿದೆ. ಮರಾಠಿಯಲ್ಲಿ ಇದಕ್ಕೆ ಪೇವ ಎನ್ನುತ್ತಾರೆಂದು ಮೊಮ್ಮಗಳು ಹೇಳಿದಳು. "ನಮ್ಮ ಹಗೇವು" ಎಂದರು ಮುದುಕರು. ಜೋಳದ ಹಗೇವನ್ನು ಅವಳು ಕಂಡಿರಲಿಲ್ಲ. ಕಥೆಗಳಲ್ಲಿ ಓದಿದ್ದ ಪದಕ್ಕೆ ಆ ದಿನ ಆಳವೂ ವಾಸನೆಯೂ ಬಂದವು. ಭಾನುವಾರ ಇಬ್ಬರೂ ಕೃಷ್ಣೆಯ ಘಾಟಿನಲ್ಲಿ ಕುಳಿತು ವಿಶ್ರಮಿಸಿದರು.

ಎರಡನೆಯ ಸೋಮವಾರ ಆಸ್ಪತ್ರೆ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದ ದಿನಗಳಿಂದ ಈ ಊರಿಗೆ ರೋಗಿಗಳು ಸುತ್ತಣ ಪ್ರದೇಶದಿಂದ ಬರುತ್ತಿದ್ದಾರೆ. ಇಂದಿಗೂ ಕುಡಚಿ, ರಾಯಬಾಗ, ಅಥಣಿಯ ಕಡೆಯ ಜನ ಯಾವ ಆಸ್ಪತ್ರೆಯ ಬಾಂಕಿನ ಮೇಲೆಯೂ ಕಾಣಸಿಗುತ್ತಾರೆ. ಕಣ್ಣಿನ ವಿಭಾಗದಲ್ಲಿ ಮುದುಕರ ಪಕ್ಕಕ್ಕೆ ರಾಯಬಾಗದ ಕಡೆಯ ಒಬ್ಬ ಹೆಂಗಸು ಕುಳಿತಿದ್ದಳು. ಹೆಸರು ಬರೆದುಕೊಳ್ಳುತ್ತಿದ್ದ ಸಿಸ್ಟರಿಗೆ ಅವಳು, "ಕಣ್ಣಾಗ ನೊಣ ಹಾರತಾವ್ರೀ" ಎಂದಳು. ನೊಣವೆಂಬ ಮಾತನ್ನು ಕೈಸನ್ನೆಯಿಂದ ಅರಿತ ಸಿಸ್ಟರು ಕಣ್ಣಿಗೆ ಹುಳ ಬಿದ್ದಿದೆಯೆಂದು ತಿಳಿದು, ಸರದಿ ಬಂದಾಗ ತೊಳೆಯೋಣ ಎಂದರು. ಹೆಂಗಸು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ತನ್ನಷ್ಟಕ್ಕೆ, "ನಿನ್ನಿಂದ ಮಿಂಚು ಹೊಡದಂಗ ಆಗತೈತಿ, ಒಂದ ಕಡೆ ಪರದೆ ಬಿದ್ದಂಗ ಐತಿ" ಎಂದಳು.

ಮೊಮ್ಮಗಳು ಎದ್ದು ಸಿಸ್ಟರ ಬಳಿಗೆ ಹೋದಳು. ನೊಣ ನಿಜವಾದುದಲ್ಲ, ಕಣ್ಣೊಳಗೆ ಕಪ್ಪು ಚುಕ್ಕೆಗಳು ತೇಲುತ್ತಿವೆಯೆಂದು ಅರ್ಥ, ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದಳು. "ಡೋಳ್ಯಾತ ವೀಜ ಚಮಕತೇ" ಎಂದು ಸೇರಿಸಿದಳು. ಪರದೆಯ ಮಾತನ್ನೂ ಬಿಡಲಿಲ್ಲ. ಸಿಸ್ಟರು ಬರೆಯುವುದನ್ನು ನಿಲ್ಲಿಸಿ ಒಳಗೆ ಹೋದರು. ಹೆಂಗಸನ್ನು ಸರದಿ ಬಿಟ್ಟು ಕರೆದರು. ಕಣ್ಣಿನ ಒಳಪದರ ಕಳಚಿಕೊಳ್ಳುವಾಗಿನ ಲಕ್ಷಣಗಳಿವು, ತಡವಾದರೆ ದೃಷ್ಟಿ ಹೋಗಬಹುದು ಎಂದು ಡಾಕ್ಟರು ಹೇಳಿದರು. ಆ ಮಾತನ್ನೂ ಹೆಂಗಸಿನ ಗಂಡನಿಗೆ ಕನ್ನಡದಲ್ಲಿ ತಿಳಿಸಿದವಳು ಈ ಹುಡುಗಿಯೇ. ಆ ದಿನವೇ ಅವರನ್ನು ದೊಡ್ಡ ತಪಾಸಣೆಗೆ ಕಳಿಸಿದರು. ಮುಂದೇನಾಯಿತೆಂಬುದು ಅಜ್ಜ–ಮೊಮ್ಮಗಳಿಗೆ ತಿಳಿಯಲಿಲ್ಲ. ಅವರ ಗಾಡಿಯ ಹೊತ್ತಾಗಿತ್ತು.

ಹೊಸ ಚಷ್ಮಾ ಹಾಕಿಕೊಂಡ ಮುದುಕರು ಪ್ಲಾಟಫಾರ್ಮಿನಲ್ಲಿ ಅರ್ಜಿಯನ್ನು ಕೈಗೆತ್ತಿಕೊಂಡು ಮೇಲಿನಿಂದ ಕೆಳಗೆ ನೋಡಿದರು.

"ಇಲ್ಲಿ ಏನ ಬರಿಯಾಕಿ?"

"ಕನ್ನಡ, ಮುತ್ತ್ಯಾ. ಮರಾಠಿ ಬಿಡೂದಿಲ್ಲ."

ಕಾಕಾ ಕೇಳಿದ ಪ್ರಶ್ನೆ ಇದರಿಂದ ತೀರಿಹೋಯಿತೆನ್ನುವಂತಿಲ್ಲ. ನೌಕರಿಯ ಚಿಂತೆ ಸುಳ್ಳಲ್ಲ. ಗಡಿಯ ಕನ್ನಡ ಶಾಲೆಯಿಂದ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ಹೊತ್ತೇ ತರಗತಿಗೆ ಬರುತ್ತಾನೆ. ಆದರೆ ಐಚ್ಛಿಕ ಕನ್ನಡವನ್ನು ಆರಿಸುವಾಗ ಪಂಪ–ಕುಮಾರವ್ಯಾಸರೊಡನೆ ಆ ಬಾಂಕಿನ ಮೇಲಿನ ಹೆಂಗಸನ್ನೂ ನೆನೆಯುವುದು ಒಳ್ಳೆಯದು. ಮಿರಜದಲ್ಲಿ ಹಳಿಗಳು ಒಂದಾದವು; ಮಾತುಗಳು ಒಂದಾಗಿಲ್ಲ, ಆಗಬೇಕೆಂದೂ ಇಲ್ಲ. ಎರಡನ್ನೂ ಬಲ್ಲ ಹೆಗಲಿಗೆ ಇಲ್ಲಿ ಇನ್ನೂ ಕೆಲಸವಿದೆ. ಈ ರಜೆಯಲ್ಲಿ ಬಿಡುವಿದ್ದವರು ಸಾಂಗಲಿಯ ಒಂದು ಟಿಕೆಟು ತೆಗೆದುಕೊಳ್ಳಲಿ. ನೋಡುವುದಕ್ಕೆ ಏಳು ದಿನ ಸಾಲವು.