ಕೆರೆ ಗೆರೆಯಾದದ್ದು

ಡೊಂಬಿವಲಿಯ ಆ ಮನೆಯಲ್ಲಿ ಕಂಪ್ಯೂಟರ್ ಇರುವುದು ಒಂದೇ ಕೆಲಸಕ್ಕೆ. ದೂರವಾಣಿ ಇಲಾಖೆಯಿಂದ ನಿವೃತ್ತರಾದ ಮೇಲೆ ರಾಯರು ತಮ್ಮ ತಂದೆಯ ದಿನಚರಿಗಳನ್ನು ಅದರಲ್ಲಿ ಟೈಪ್ ಮಾಡುತ್ತಾ ಬಂದಿದ್ದಾರೆ. ತಂದೆ ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಾಸ್ತರರಾಗಿದ್ದವರು. ಮಳೆ, ಬೆಳೆ, ಶಾಲೆಯ ಹಾಜರಿ, ಯಾರ ಮನೆಯಲ್ಲಿ ಏನಾಯಿತು ಎಂದು ಹದಿನಾಲ್ಕು ನೋಟ್‌ಬುಕ್ ತುಂಬ ಬರೆದಿಟ್ಟಿದ್ದರು. ಅವು ಊರಲ್ಲಿ ಅಣ್ಣನ ಹತ್ತಿರ ಇವೆ. ಅಣ್ಣ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಕೊಡುವುದಿಲ್ಲ. ಹಿಂದಿನವು ವಾಪಸು ಬಂದ ಮೇಲೆಯೇ ಮುಂದಿನವು. ಗೆದ್ದಲು ಅವನ್ನು ರಾಯರಿಗಿಂತ ಬೇಗ ಓದಿ ಮುಗಿಸುವ ಹಾಗೆ ಕಾಣುತ್ತಿತ್ತು.

ಕಂಪ್ಯೂಟರನ್ನು 2019ರಲ್ಲಿ ಜೋಡಿಸಿಕೊಂಡದ್ದು. ರೈಜನ್ 5 2400ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ. ಕಡ್ಡಿಯ ಮೇಲೆ 2666 ಎಂಬ ವೇಗ ಬರೆದಿತ್ತು. ಒಂಬತ್ತು ನೋಟ್‌ಬುಕ್‌ಗಳು ಒಂದೇ ಫೈಲಿನಲ್ಲಿ ಸೇರಿ, ಪಕ್ಕದಲ್ಲಿ ಹಳೆಯ ಫೋಟೋಗಳೂ ತೆರೆದುಕೊಂಡಾಗ ಯಂತ್ರ ಏದುಸಿರು ಬಿಡತೊಡಗಿತು. ಮೇಲಿನ ಮಹಡಿಯ ಹುಡುಗ, ಎಂಜಿನಿಯರಿಂಗ್ ಓದುತ್ತಿರುವವನು, "ಕಾಕಾ, ಇನ್ನೊಂದು ಎಂಟು ಜಿಬಿ ಹಾಕಿದರೆ ಆಯಿತು" ಎಂದ. ರಾಯರು ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಿಂದ 3200 ಎಂದು ಬರೆದಿದ್ದ ಕಡ್ಡಿ ತಂದರು. ಹೆಚ್ಚಿನ ವೇಗದ್ದು ಅದೇ ಬೆಲೆಗೆ ಸಿಕ್ಕರೆ ಬೇಡವೆನ್ನುವವರು ಯಾರು?

ಹಾಕಿದ ದಿನ ಪರದೆ ಕಪ್ಪಗೇ ಉಳಿಯಿತು. ಫ್ಯಾನ್ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಹುಡುಗ ಬಂದು ಕಡ್ಡಿ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದ. ಆಗಲಿಲ್ಲ. ಮದರ್‌ಬೋರ್ಡಿನ ಪುಸ್ತಕ ತೆಗೆದಾಗ ತಿಳಿದದ್ದು, ನಾಲ್ಕು ಜಾಗಗಳಲ್ಲಿ ಅಕ್ಕಪಕ್ಕದ ಎರಡರಲ್ಲಿ ಹಾಕಬಾರದು, ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು ಎಂದು. ಹಾಗೆ ಹಾಕಿದ ಮೇಲೆ ಎದ್ದಿತು. ಹುಡುಗ ಉತ್ಸಾಹದಲ್ಲಿ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎನ್ನುವುದನ್ನು ಚಾಲೂ ಮಾಡಿ ಎರಡನ್ನೂ 3200ಕ್ಕೆ ಓಡಿಸಿದ. ಆ ಪ್ರೊಸೆಸರಿಗೆ ತಯಾರಕರು ಕೊಟ್ಟ ಭರವಸೆ 2933ರವರೆಗೆ ಮಾತ್ರ. ಹಳೆಯ ಕಡ್ಡಿಯದು 2666. ಆದರೂ ಯಂತ್ರ ಓಡಿತು. ಓಡಿದ್ದೇ ತೊಂದರೆಯಾಯಿತು. ಓಡದೆ ನಿಂತಿದ್ದರೆ ಅದೇ ಸಂಜೆ ಕಥೆ ಮುಗಿಯುತ್ತಿತ್ತು.

ಆರು ವಾರ ಎಲ್ಲ ಸರಿಯಾಗಿಯೇ ಇತ್ತು. ಎರಡು ಸಲ ನೀಲಿ ಪರದೆ ಬಂತು, 'ಮೆಮರಿ ಮ್ಯಾನೇಜ್‌ಮೆಂಟ್' ಎಂದು ಬರೆದಿತ್ತು. ವಿಂಡೋಸ್ ಅಂದ ಮೇಲೆ ಬರುತ್ತದೆ ಎಂದುಕೊಂಡರು. ಪೆನ್‌ಡ್ರೈವ್‌ಗೆ ಹಾಕಿದ ಒಂದು ಫೋಟೋದ ಕೆಳಗಿನ ಅರ್ಧ ಬೂದಿ ಬಣ್ಣಕ್ಕೆ ತಿರುಗಿತ್ತು. ಪೆನ್‌ಡ್ರೈವ್ ಹಳೆಯದಾಯಿತು ಎಂದುಕೊಂಡರು. ಪ್ರತಿಯೊಂದಕ್ಕೂ ಒಂದೊಂದು ಸಮಾಧಾನ ಕೈಗೆ ಸಿಗುತ್ತಿತ್ತು.

ಒಂದು ಸಂಜೆ ಹೆಂಡತಿಗೆ ಓದಿ ಹೇಳುತ್ತಿದ್ದಾಗ ಅವರು ತಡೆದರು. "ಏನಂದ್ರಿ? ಗೆರೆಯ ಏರಿ ಮ್ಯಾಲ ನಡದ್ರಂತ? ಗೆರಿಗೆ ಎಲ್ಲಿ ಏರಿ ಇರ್ತದ?"

ಪರದೆಯ ಮೇಲೆ 'ಗೆರೆ' ಎಂದೇ ಇತ್ತು. ಬೆರಳು ತಪ್ಪಿರಬೇಕು ಎನ್ನೋಣವೆಂದರೆ ರಾಯರು ಬಳಸುವ ಕೀಲಿಮಣೆಯಲ್ಲಿ ಕ ಮತ್ತು ಗ ಪಕ್ಕಪಕ್ಕ ಇಲ್ಲ. ಅದಕ್ಕಿಂತ ಮುಖ್ಯ, ಆ ಪುಟವನ್ನು ಅವರು ಹಿಂದೆಯೇ ತಿದ್ದಿ ಪ್ರಿಂಟ್ ತೆಗೆದಿದ್ದರು. ಹುಡುಕಿ ತೆಗೆದರು. ಕಾಗದದ ಮೇಲೆ 'ಕೆರೆ' ಇತ್ತು. ಅಂದರೆ ಸರಿಯಾಗಿ ಬರೆದಿದ್ದ ಅಕ್ಷರ, ಯಾರೂ ಮುಟ್ಟದೆ, ತಾನೇ ಬದಲಾಗಿತ್ತು.

ಆ ರಾತ್ರಿ ಅವರು ಮಲಗಲಿಲ್ಲ. ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದರು. 'ತಾನು' ಎಂಬುದು 'ದಾನು' ಆಗಿತ್ತು. 'ಮರ' ಇದ್ದಲ್ಲಿ ಹೇಳಬಾರದ ಮಾತು ಬಂದಿತ್ತು. 'ಮನೆ' 'ಮಪೆ' ಆಗಿತ್ತು. ಕ ಹೋಗಿ ಗ, ತ ಹೋಗಿ ದ, ರ ಹೋಗಿ ಲ, ನ ಹೋಗಿ ಪ. ಕಂಪ್ಯೂಟರು ಅಕ್ಷರಗಳಿಗೆ ಕೊಟ್ಟಿರುವ ಯುನಿಕೋಡ್ ಸಂಖ್ಯೆಗಳ ಪಟ್ಟಿ ತೆಗೆದಾಗ ಎಲ್ಲದರಲ್ಲೂ ಒಂದೇ ನಡೆ ಕಂಡಿತು: ನಡುವೆ ಒಂದು ಮನೆ ಬಿಟ್ಟು ಮುಂದಿನದಕ್ಕೆ. ಕ ಮತ್ತು ಗ ನಡುವೆ ಖ. ತ ಮತ್ತು ದ ನಡುವೆ ಥ. ರ ಮತ್ತು ಲ ನಡುವೆ ಹಳಗನ್ನಡದ ಱ ಕೂತಿದೆ. ನ ಮತ್ತು ಪ ನಡುವೆ ಕನ್ನಡದ ಪಟ್ಟಿಯಲ್ಲಿ ಖಾಲಿ ಮನೆ. ಸಂಖ್ಯೆಗಳನ್ನು ಸೊನ್ನೆ ಒಂದುಗಳಲ್ಲಿ ಬಿಡಿಸಿ ಬರೆದರೆ ಪ್ರತಿ ಜೋಡಿಯಲ್ಲೂ ಬದಲಾದದ್ದು ಒಂದೇ ಒಂದು ಬಿಟ್, ಅದೂ ಒಂದೇ ಸ್ಥಾನದ ಬಿಟ್.

ಮೂವತ್ತೈದು ವರ್ಷ ಕೇಬಲ್ ಜೋಡಿಸಿದ ಮನುಷ್ಯನಿಗೆ ಇದು ಗೊತ್ತಿರುವ ರೋಗ. ನೂರು ಜೋಡಿಯ ಕೇಬಲಿನಲ್ಲಿ ಒಂದು ತಂತಿ ಕೆಟ್ಟರೆ ಗದ್ದಲ ಯಾವಾಗಲೂ ಅದೇ ಫೋನಿನಲ್ಲಿ. ವೈರಸ್ಸೂ ಅಲ್ಲ, ಹಾರ್ಡ್ ಡಿಸ್ಕೂ ಅಲ್ಲ. ಸಂಶಯ ಆರು ವಾರದ ಹಿಂದೆ ಬಂದ ಹೊಸ ಸೊಸೆಯ ಮೇಲೆ.

ಹುಡುಗ ಪೆನ್‌ಡ್ರೈವಿನಿಂದ ಓಡುವ ಮೆಮ್‌ಟೆಸ್ಟ್ ತಂದುಕೊಟ್ಟ. ವಿಂಡೋಸ್ ಏಳುವ ಮೊದಲೇ ಓಡಿ, ಮೆಮರಿಯ ಮೂಲೆಮೂಲೆಗೂ ಬರೆದು ಓದಿ ನೋಡುವ ಪ್ರೋಗ್ರಾಂ ಅದು. ಲೈನ್ ಪರೀಕ್ಷೆಯ ಹಳೆಯ ಕ್ರಮದಂತೆ ರಾಯರು ಒಮ್ಮೆಗೆ ಒಂದನ್ನೇ ಬದಲಿಸಿದರು. ಹೊಸ ಕಡ್ಡಿ ಒಂದೇ, ಇಡೀ ರಾತ್ರಿ: ತಪ್ಪಿಲ್ಲ. ಹಳೆಯದು ಒಂದೇ, ಅದೇ ಜಾಗದಲ್ಲಿ: ತಪ್ಪಿಲ್ಲ. ಸೊಸೆಯ ಮೇಲೆ ಹೊರಿಸಿದ್ದು ಅನ್ಯಾಯವಾಗಿತ್ತು. ಎರಡನ್ನೂ ಸೇರಿಸಿ 3200ರಲ್ಲಿ ಓಡಿಸಿದಾಗ ನಲವತ್ತು ನಿಮಿಷಕ್ಕೆ ಕೆಂಪು ಸಾಲುಗಳು ಉದುರತೊಡಗಿದವು.

ಎರಡೂ ಒಳ್ಳೆಯ ಎತ್ತುಗಳೇ, ನೊಗ ಒಂದಾದಾಗ ಒಂದು ಏರಿಗೆ, ಒಂದು ನೀರಿಗೆ. ಪ್ರತಿ ಕಡ್ಡಿಯಲ್ಲೂ ತನ್ನ ವೇಗ, ತಡೆದು ನಿಲ್ಲುವ ಅಂತರ, ಬೇಕಾದ ವೋಲ್ಟೇಜ್ ಬರೆದ ಪುಟ್ಟ ಚಿಪ್ ಇರುತ್ತದೆ. ಯಂತ್ರ ಏಳುವಾಗ ಮದರ್‌ಬೋರ್ಡ್ ಅದನ್ನು ಓದಿ, ಎರಡಕ್ಕೂ ಒಪ್ಪುವ ಲಯ ಹುಡುಕುತ್ತದೆ. ಮೊದಲ ದಿನ ಪರದೆ ಕಪ್ಪಗಿದ್ದಾಗ ನಡೆದದ್ದೂ ಆ ಚೌಕಾಸಿಯೇ. ಎಕ್ಸ್‌ಎಂಪಿ ಚಾಲೂ ಮಾಡುವುದೆಂದರೆ ಚೌಕಾಸಿ ಸಾಕು, ಹೊಸದರ ಲಯಕ್ಕೆ ಎಲ್ಲರೂ ನಡೆಯಿರಿ ಎಂದಂತೆ. ದೊಡ್ಡ ಸರ್ವರುಗಳಲ್ಲಿ ಪ್ರತಿ 64 ಬಿಟ್‌ಗೆ 8 ಕಾವಲು ಬಿಟ್ ಇಟ್ಟು ಇಂಥ ಒಂದು ಬಿಟ್ಟಿನ ತಪ್ಪನ್ನು ಅಲ್ಲಲ್ಲೇ ತಿದ್ದುವ ಮೆಮರಿ ಹಾಕುತ್ತಾರೆ. ಮನೆಯ ಯಂತ್ರಗಳಿಗೆ ಆ ಕಾವಲು ಸಾಮಾನ್ಯವಾಗಿ ಇರುವುದಿಲ್ಲ. ಮನೆಯವರ ಲೆಕ್ಕ, ಮನೆಯವರ ನೆನಪು, ತಪ್ಪಿದರೆ ಯಾರಿಗೆ ನಷ್ಟ ಎಂಬ ಧೋರಣೆ ಇರಬೇಕು.

ಎಕ್ಸ್‌ಎಂಪಿ ತೆಗೆದು ಎರಡನ್ನೂ 2666ಕ್ಕೆ ಇಳಿಸಿ ಮತ್ತೊಂದು ರಾತ್ರಿ ಓಡಿಸಿದರು. ಬೆಳಿಗ್ಗೆ ಎರಡು ತಪ್ಪು.

"ಇಡೀ ರಾತ್ರಿಗೆ ಎರಡೇ, ಕಾಕಾ," ಎಂದ ಹುಡುಗ.

"ಆ ಎರಡು ಎಲ್ಲಿ ಬೀಳ್ತಾವ ಅಂತ ನಿನಗ ಗೊತ್ತದ ಏನು?"

ಅಂಗಡಿಯವನು ಹೊಸ ಕಡ್ಡಿಯನ್ನು ತನ್ನ ಯಂತ್ರಕ್ಕೆ ಹಾಕಿ ಎಬ್ಬಿಸಿ, "ಚಲ್ ರಹಾ ಹೈ ನಾ, ಅಂಕಲ್?" ಎಂದ. ಅವನ ಮಾತೂ ಸುಳ್ಳಲ್ಲ. ಅರ್ಧ ತಾಸು ವಾದವಾಗಿ, ಸ್ವಲ್ಪ ದುಡ್ಡು ಕಡಿದುಕೊಂಡು ವಾಪಸು ತೆಗೆದುಕೊಂಡ. ಈ ಸಲ ರಾಯರು ಮದರ್‌ಬೋರ್ಡ್ ಕಂಪನಿ ತಾನೇ ಪರೀಕ್ಷಿಸಿ ಪ್ರಕಟಿಸಿರುವ ಕಡ್ಡಿಗಳ ಪಟ್ಟಿ ಬರೆದುಕೊಂಡು ಹೋಗಿದ್ದರು. ಆ ಪಟ್ಟಿಯಲ್ಲಿದ್ದ, ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಮಾರುವ 8 ಜಿಬಿಯ ಎರಡು ಕಡ್ಡಿ ತಂದರು. ಹಳೆಯದನ್ನೂ ತೆಗೆದಿಟ್ಟರು. ಮೆಮ್‌ಟೆಸ್ಟ್ ನಾಲ್ಕು ಸುತ್ತು ಮುಗಿಸಿದಾಗ ಸೊನ್ನೆ. ಇನ್ನೊಂದು ರಾತ್ರಿಯೂ ಓಡಿಸಿದರು, ಸೊನ್ನೆಯೇ.

ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಬರಹದ್ದು ಮುಗಿಯಲಿಲ್ಲ. ಮೊದಲ ಆರು ನೋಟ್‌ಬುಕ್ಕಿಗೆ ಪ್ರಿಂಟ್ ಇತ್ತು. ಉಳಿದ ಮೂರಕ್ಕೆ ಇರಲಿಲ್ಲ, ಅವು ಊರಿಗೂ ಹೋಗಿಬಿಟ್ಟಿದ್ದವು. 'ಮಪೆ' ಕಣ್ಣಿಗೆ ಚುಚ್ಚುತ್ತದೆ. ಕರೆ ಕಲೆಯಾಗಿದ್ದರೆ? ಅರ್ಥವಿರುವ ತಪ್ಪನ್ನು ಯಾವ ಕಾಗುಣಿತ ತಿದ್ದುಗವೂ ಹಿಡಿಯುವುದಿಲ್ಲ.

ಈಗ ದಿನಾ ಸಂಜೆ ಏಳಕ್ಕೆ ಅಣ್ಣನ ಫೋನ್ ಬರುತ್ತದೆ. ಅಣ್ಣನಿಗೆ ಎಪ್ಪತ್ತೆಂಟು. ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದುತ್ತಾನೆ, ರಾಯರು ಇಲ್ಲಿ ಪರದೆಯ ಮೇಲೆ ಬೆರಳಿಟ್ಟು ಕೇಳುತ್ತಾರೆ. ಒಂದು ಸಂಜೆಗೆ ನಾಲ್ಕು ಪುಟ ಆದರೆ ಹೆಚ್ಚು, ಯಾಕೆಂದರೆ ನಡುನಡುವೆ ಅಣ್ಣನಿಗೆ ಇನ್ನೇನೋ ನೆನಪಾಗುತ್ತದೆ. ನೋಟ್‌ಬುಕ್ಕಿನಲ್ಲಿ ಇಲ್ಲದ್ದು.

ಮೊನ್ನೆ ಏಳನೆಯ ನೋಟ್‌ಬುಕ್ಕಿನ ಒಂದು ಸಾಲಿಗೆ ಅಣ್ಣ ನಿಂತ. "ತಮ್ಮಾ, ಇಲ್ಲಿ ಗೆದ್ದಲ ತಿಂದೈತಿ. ಮೊದಲನೇ ಅಕ್ಷರ ಕಾಣವಲ್ದು. ನೀ ಏನಂತ ಬರದಿ?"

ಪರದೆಯ ಮೇಲೆ 'ದಂದೆ' ಎಂದಿತ್ತು. ತಂದೆಯೇ? ದಂಧೆಯೇ? ಸಾಲು ಎರಡಕ್ಕೂ ಒಗ್ಗುತ್ತಿತ್ತು. ರಾಯರು ಆವರಣದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಮುಂದ ಓದಣ್ಣಾ" ಎಂದರು.