ಒಂದು ಎಳೆ ರೇಷ್ಮೆ

ನಮ್ಮ ನಡುಮನೆಯ ಗೂಡಿನಲ್ಲಿ ಒಂದು ಫ್ರೆಂಚ್ ಗಡಿಯಾರವಿದೆ. ಬೆಂಗಳೂರು ದಂಡಿನ ಯಾವುದೋ ಬಂಗಲೆಯ ಹರಾಜಿನಲ್ಲಿ ತಂದೆಯವರು ಕೊಂಡು ತಂದದ್ದು. ನಾಲ್ಕು ಕಂಬಗಳ ಮರದ ಮಂಟಪ. ಮೇಲೆ ಬಿಳಿಯ ಮುಖ. ಕಂಬಗಳ ನಡುವೆ ಉತ್ಸವಮೂರ್ತಿಯಂತೆ ತೂಗುವ ಹಿತ್ತಾಳೆಯ ಲೋಲಕ.

ಅಮ್ಮನ ಕಣ್ಣು ಮಂಜಾಗಿದೆ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಔಷಧದ ಹನಿ ಬೀಳಬೇಕು; ಉಳಿದಿರುವ ದೃಷ್ಟಿಗೆ ಅದೇ ಕಾವಲು. ಟಿಕ್ ಸದ್ದು ಕೇಳುವಷ್ಟು ಕಿವಿ ಈಗ ಚುರುಕಿಲ್ಲ, ಗಂಟೆ ಮಾತ್ರ ಕೇಳಿಸುತ್ತದೆ. ಎಂಟನ್ನು ಎಣಿಸಿಕೊಂಡು ಹನಿಯನ್ನು ತಾನೇ ಹಾಕಿಕೊಳ್ಳುತ್ತಾಳೆ. "ವೇಳೆ ಎಷ್ಟಾಯಿತು?" ಎಂದು ಯಾರನ್ನೂ ಕೇಳುವವಳಲ್ಲ. ಆಕೆಗೆ ಉಳಿದಿರುವ ಸ್ವಾತಂತ್ರ್ಯವೆಲ್ಲ ಆ ಎಂಟು ಪೆಟ್ಟುಗಳಲ್ಲಿದೆ.

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಲೋಲಕ ಮಂಟಪದ ನೆಲದ ಮೇಲೆ ಬಿದ್ದಿತ್ತು. ಅದನ್ನು ತೂಗುಹಾಕಿದ್ದ ದಾರ ಹರಿದಿತ್ತು.

ದಾರದಿಂದ ಲೋಲಕವನ್ನು ತೂಗುಹಾಕುವುದು ಹಳೆಯ ಪದ್ಧತಿ. 1656ರಲ್ಲಿ ಮೊದಲ ಲೋಲಕದ ಗಡಿಯಾರವನ್ನು ರೂಪಿಸಿದ ಹಾಲೆಂಡಿನ ಹೈಗೆನ್ಸ್ ಕೂಡ ದಾರವನ್ನೇ ನೆಚ್ಚಿದ್ದನು. ಮುಂದೆ ಇಂಗ್ಲೆಂಡಿನವರು ತೆಳು ಉಕ್ಕಿನ ಪಟ್ಟಿಗೆ ಹೋದರು. ಫ್ರಾನ್ಸಿನವರು ಮಾತ್ರ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಮೇಜಿನ ಗಡಿಯಾರಗಳಲ್ಲಿ ರೇಷ್ಮೆಯನ್ನು ಬಿಡಲಿಲ್ಲ. ದಾರದ ಒಂದು ತುದಿ ಬಿಗಿ. ಮತ್ತೊಂದು ಒಂದು ಪುಟ್ಟ ಸಲಾಕೆಗೆ ಸುತ್ತಿರುತ್ತದೆ. ನಡುವಣ ಕುಣಿಕೆಯಲ್ಲಿ ಲೋಲಕ. ಸಲಾಕೆಯನ್ನು ತಿರುಗಿಸಿದರೆ ಕುಣಿಕೆ ಏರುತ್ತದೆ, ಇಳಿಯುತ್ತದೆ. ಏರಿದರೆ ಗಡಿಯಾರ ಚುರುಕು, ಇಳಿದರೆ ನಿಧಾನ. ನಮ್ಮ ಲೋಲಕದ ಉದ್ದ ಸುಮಾರು 24 ಸೆಂಟಿಮೀಟರು. ದಾರ ಒಂದೇ ಒಂದು ಮಿಲಿಮೀಟರು ಜಗ್ಗಿದರೆ ದಿನಕ್ಕೆ 3 ನಿಮಿಷ ಹಿಂದೆ!

ಪೇಟೆಯ ರಿಪೇರಿಯವರೊಬ್ಬರು, "ಒಳಗಿನದನ್ನೆಲ್ಲ ತೆಗೆದುಹಾಕಿ ಸೆಲ್ಲಿನದನ್ನು ಕೂರಿಸಿಕೊಡುತ್ತೇನೆ ಸ್ವಾಮಿ" ಎಂದರು. ಅಮ್ಮನಿಗೆ ಹೇಳಿದೆ. "ಹಾಗಾದರೆ ಅದು ಗಂಟೆ ಹೊಡೆಯುತ್ತದೆಯೇನೋ?" ಎಂದಳು. ಗಡಿಯಾರವನ್ನು ಹೊತ್ತುಕೊಂಡು ಮನೆಗೆ ಬಂದೆ.

ಮೊದಲು ಹೊಲಿಗೆಯ ಹತ್ತಿ ನೂಲನ್ನು ಕಟ್ಟಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಮಳೆ ಹಿಡಿದಾಗ ಗಡಿಯಾರ ಮುಂದೋಡತೊಡಗಿತು. ಬಟ್ಟೆ ಹರವುವ ಹಗ್ಗ ನೆನೆದಾಗ ಬಿಗಿಯುವುದನ್ನು ಗೃಹಿಣಿಯರೆಲ್ಲ ಬಲ್ಲರು. ಹೊಸೆದ ನೂಲು ತೇವ ಹೀರಿ ಉಬ್ಬುತ್ತದೆ, ಉದ್ದದಲ್ಲಿ ಕುಗ್ಗುತ್ತದೆ. ಇಲ್ಲಿಯೂ ಆದದ್ದು ಅದೇ.

"ನನ್ನ ತಲೆಕೂದಲನ್ನೇ ಕಟ್ಟಿನೋಡಿ" ಎಂದು ನನ್ನಾಕೆ ನಕ್ಕಳು. ಕೂದಲು ತೇವಕ್ಕೆ ಉದ್ದವಾಗುತ್ತದೆ. ಅದರಿಂದಲೇ ಸಾಸ್ಯೂರನೆಂಬ ವಿಜ್ಞಾನಿ 1783ರಲ್ಲಿ ಗಾಳಿಯ ತೇವವನ್ನು ಅಳೆಯುವ ಉಪಕರಣವನ್ನು ವಿವರಿಸಿದನು. ಅಂಥದನ್ನು ಕಟ್ಟಿದರೆ ಗಡಿಯಾರ ವೇಳೆಗೆ ಬದಲು ಹವೆಯನ್ನು ತಿಳಿಸೀತು!

ಇಂಜಿನಿಯರನಾದ ಮಗ ಕೆವ್ಲಾರಿನ ಹೆಸರೆತ್ತಿದನು. 1965ರಲ್ಲಿ ಅಮೆರಿಕದಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ವಿಜ್ಞಾನಿ ಕಂಡುಹಿಡಿದ ಆ ಎಳೆ, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಾಲು ಗಟ್ಟಿಯಂತೆ. ಆದರೆ ಅಂಗೈಯಷ್ಟು ಹಿತ್ತಾಳೆಗೆ ಆನೆ ಕಟ್ಟುವ ಬಲವೇಕೆ? ಬೇಕಾದದ್ದು ಉದ್ದ ಕಾಯುವ ಸ್ಥೈರ್ಯ. ಬಾಗುವಾಗ ತಡೆಯೊಡ್ಡದ ಮೃದುತ್ವ. ಇದನ್ನು ಅವನಿಗೆ ಉಪದೇಶಿಸಿದವನು ಮಾಡಿದ್ದೇನು? ಮೀನಿನ ಗಾಳದ ನೈಲಾನ್ ದಾರವನ್ನು ತಂದು ಕಟ್ಟಿದೆ!

ಅಂದು ಸಂಜೆ ನಾವೆಲ್ಲ ಒಂದು ಆರತಕ್ಷತೆಗೆ ಹೋಗಿದ್ದೆವು. ಹಿಂದಿರುಗಿದಾಗ ಹತ್ತಾಗಿತ್ತು. ಅಮ್ಮ ದೀಪವನ್ನೂ ಹಾಕದೆ, ಔಷಧದ ಶೀಷೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು.

"ಇವತ್ತು ಹೊತ್ತೇ ಹೋಗುತ್ತಿಲ್ಲ ಕಣೋ. ಇನ್ನೂ ಎಂಟು ಹೊಡೆಯಲಿಲ್ಲ" ಎಂದಳು.

ಗಡಿಯಾರ ಐದೂ ಮುಕ್ಕಾಲಿಗೇ ನಿಂತಿತ್ತು. ಸೆಟೆದ ನೈಲಾನ್ ಕುಣಿಕೆಯನ್ನು ಬಾಗಿಸಿ ಬಾಗಿಸಿ ಲೋಲಕದ ಶಕ್ತಿ ಉಡುಗಿತ್ತು. ನಾನು ಏನೂ ಹೇಳಲಾರದೆ ಹನಿ ಹಾಕಿದೆ. ಅದು ಅವಳಿಗೆ ಅರ್ಥವಾಯಿತು, ಏನೂ ಕೇಳಲಿಲ್ಲ.

ಮರುದಿನವೇ ಸೀರೆಗೆ ಕುಚ್ಚು ಕಟ್ಟುವ ರೇಷ್ಮೆಯ ದಾರ ತಂದೆ. ಅಮ್ಮ ಅದನ್ನು ಬೆರಳುಗಳಲ್ಲಿ ಉಜ್ಜಿ, "ತುದಿಗೆ ಸ್ವಲ್ಪ ಬೆಂಕಿ ಮುಟ್ಟಿಸು" ಎಂದಳು. ಮುಟ್ಟಿಸಿದೆ. "ಕಾಗದ ಸುಟ್ಟ ವಾಸನೆ. ಇದು ರೇಷ್ಮೆಯಲ್ಲ, ನಿಜವಾದ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ." ಕಣ್ಣಿದ್ದ ನಾನು ರೇಯಾನಿಗೆ ಮೋಸಹೋಗಿದ್ದೆ! ಕೊನೆಗೆ ದೊಡ್ಡಬಳ್ಳಾಪುರದ ನೇಯ್ಗೆಯವರೊಬ್ಬರ ಮನೆಯಿಂದ ಹುರಿ ಮಾಡಿದ ರೇಷ್ಮೆ ಬಂದಿತು. ಅಮ್ಮನ ಮೂಗು ಒಪ್ಪಿಗೆ ಕೊಟ್ಟಿತು.

ಗಡಿಯಾರ ನಡೆಯಿತು. ಆದರೂ ವಾರದಲ್ಲಿ ಎರಡು ನಿಮಿಷ, ಮೂರು ನಿಮಿಷ ವ್ಯತ್ಯಾಸ. ರೇಷ್ಮೆಗೂ ಹವೆಯ ಹಂಗು ತಪ್ಪಿದ್ದಲ್ಲ. ಬೇಸರದಿಂದ, "ಅಪ್ಪ ಇದ್ದಾಗ ಹೇಗೆ ಸರಿಯಾಗಿ ನಡೆಯುತ್ತಿತ್ತು?" ಎಂದೆ.

"ಅವರ ಪಂಚಾಂಗಗಳನ್ನು ನೋಡು" ಎಂದಳು ಅಮ್ಮ.

ಅಟ್ಟದಿಂದ ಕಟ್ಟನ್ನು ಇಳಿಸಿದೆ. ಪ್ರತಿ ಭಾನುವಾರದ ಎದುರಿಗೂ ಪೆನ್ಸಿಲಿನ ಸಣ್ಣ ಬರವಣಿಗೆ: "3 ನಿಮಿಷ ಹಿಂದೆ, ಏರಿಸಿದೆ." "2 ನಿಮಿಷ ಮುಂದೆ, ಇಳಿಸಿದೆ." ವರ್ಷ ವರ್ಷವೂ ಹೀಗೆಯೇ. ಭಾನುವಾರ ರೇಡಿಯೋ ವಾರ್ತೆಯ ವೇಳೆಗೆ ತಂದೆಯವರು ಗಡಿಯಾರದ ಮುಂದೆ ನಿಲ್ಲುತ್ತಿದ್ದುದು ನೆನಪಿಗೆ ಬಂದಿತು. ಕೀಲಿ ಕೊಡುತ್ತಿದ್ದಾರೆಂದಷ್ಟೇ ನಾನು ತಿಳಿದಿದ್ದೆ.

ಜಗ್ಗದ ದಾರವನ್ನು ಹುಡುಕಿ ನಾನು ಒಂದು ತಿಂಗಳು ಅಲೆದೆ. ಅವರು ಜಗ್ಗುವ ದಾರವನ್ನೇ ಒಪ್ಪಿಕೊಂಡು ವಾರಕ್ಕೊಮ್ಮೆ ಕೈ ಹಚ್ಚುತ್ತಿದ್ದರು.

ಈಗ ಭಾನುವಾರದ ಆ ಕೆಲಸ ನನ್ನದು. ಹೊಸ ಪಂಚಾಂಗದ ಅಂಚಿನಲ್ಲಿ ನಾನೂ ಬರೆಯುತ್ತೇನೆ. ರಾತ್ರಿ ಎಂಟು ಹೊಡೆಯುವಾಗ ಅಮ್ಮನ ತುಟಿ ಮೆಲ್ಲನೆ ಎಣಿಸುತ್ತದೆ. ಎಂಟನೆಯ ಪೆಟ್ಟಿಗೆ ಅವಳ ಕೈ ಶೀಷೆಯ ಕಡೆಗೆ ಹೋಗುತ್ತದೆ. ನಾನು ನೋಡಿದರೂ ನೋಡದವನಂತೆ ಪತ್ರಿಕೆಯ ಪುಟ ತಿರುಗಿಸುತ್ತೇನೆ.