ಎಂಟನೆಯ ಕೀ ಮುಟ್ಟದ ಕೈ

ಪಂಜದ ಆ ಮನೆಯಲ್ಲಿ ಕೀಬೋರ್ಡಿಗೆ ಜಾಗ ಸಿಕ್ಕಿದ್ದು ಚಾವಡಿಯ ಮೂಲೆಯಲ್ಲಿ, ಅಡಿಕೆ ಗೋಣಿಗಳ ಪಕ್ಕ. ಆಟಿಯ ಮಳೆ ಹೊಡೆಯುವಾಗ ಕರೆಂಟು ಹೋಗುತ್ತದೆ, ಬರುತ್ತದೆ, ಪುನಃ ಹೋಗುತ್ತದೆ. ಇದ್ದಷ್ಟು ಹೊತ್ತು ಏಳನೆಯ ಕ್ಲಾಸಿನ ಹುಡುಗಿ ನುಡಿಸುತ್ತಾಳೆ. ಹೋದಾಗ ಸದ್ದಿಲ್ಲದ ಕೀಗಳ ಮೇಲೆಯೇ ಬೆರಳಾಡಿಸುತ್ತಾಳೆ. ಕಳೆದ ಮಳೆಗಾಲದಲ್ಲಿ ಮಾತ್ರ ಅವಳು ಕರೆಂಟು ಹೋಗುವುದನ್ನೇ ಕಾಯುತ್ತಿದ್ದಳು. ಸ್ವರ ಕೇಳಿಸದಿದ್ದರೆ ತಪ್ಪೂ ಕೇಳಿಸುವುದಿಲ್ಲವಲ್ಲ!

ತಪ್ಪು ಬರುತ್ತಿದ್ದದ್ದು ಒಂದೇ ಕಡೆ. ಎಡಗೈಯಲ್ಲಿ ಕೆಳಗಿನ ಷಡ್ಜ, ಮೇಲಿನ ಷಡ್ಜ ಎರಡನ್ನೂ ಒಟ್ಟಿಗೆ ಒತ್ತಬೇಕು. ಕಿರುಬೆರಳು ಮೊದಲನೆಯ ಬಿಳಿ ಕೀ ಮೇಲೆ, ಹೆಬ್ಬೆರಳು ಎಂಟನೆಯದರ ಮೇಲೆ. ಪಾಶ್ಚಾತ್ಯ ಸಂಗೀತದವರು ಇದನ್ನು ಆಕ್ಟೇವ್ ಎನ್ನುತ್ತಾರೆ. ಹುಡುಗಿಯ ಕಿರುಬೆರಳು ಸರಿಯಾಗಿ ಕೂತರೆ ಹೆಬ್ಬೆರಳು ಎಂಟನೆಯ ಕೀಯ ಅಂಚನ್ನಷ್ಟೇ ಸವರುತ್ತಿತ್ತು, ಅದೂ ಪಕ್ಕದ ನಿಷಾದವನ್ನು ಜೊತೆಗೆ ಎಳೆದುಕೊಂಡು. ಷಡ್ಜವೂ ನಿಷಾದವೂ ಜಗಳಕ್ಕೆ ನಿಂತ ಹಾಗೆ ಕೇಳುತ್ತಿತ್ತು.

"ಮೊದಲು ಸಲೀಸಾಗಿ ಬರುತ್ತಿತ್ತಲ್ಲ ಮಗಾ, ಈಗ ಎಂತಾಯ್ತು? ಪ್ರಾಕ್ಟೀಸು ಸಾಲದು" ಎಂದರು ಅಪ್ಪ.

ಮೊದಲು ಬರುತ್ತಿದ್ದದ್ದು ನಿಜವೇ. ಬೆಂಗಳೂರಿನ ಚಿಕ್ಕಪ್ಪ ತಂದುಕೊಟ್ಟ ಪುಟ್ಟ ಕೀಬೋರ್ಡಿನಲ್ಲಿ ಅವಳು ಎರಡು ವರ್ಷ ನುಡಿಸಿದ್ದಳು. ಎರಡು ಷಡ್ಜಗಳನ್ನೂ ಒಂದೇ ಕೈಯಲ್ಲಿ ಹಿಡಿದು ನೆಂಟರ ಮುಂದೆ ಶಹಭಾಸ್ ಗಿಟ್ಟಿಸಿದ್ದಳು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಅಪ್ಪ ಧೈರ್ಯ ಮಾಡಿ ಪಿಯಾನೋದ ಹಾಗೆ 88 ಕೀ ಇರುವ ದೊಡ್ಡದನ್ನು ತರಿಸಿದರು. ದೊಡ್ಡದು ಬಂದ ಮೇಲೆ ಮಗಳ ವಿದ್ಯೆ ಹಿಂದಕ್ಕೆ ಹೋಯಿತು! ಅವರು ದುಡ್ಡಿನ ಮಾತೆತ್ತಲಿಲ್ಲ. ಎತ್ತದಿದ್ದರೂ ಇಂಥ ಮಾತು ಮಕ್ಕಳಿಗೆ ಕೇಳಿಸುತ್ತದೆ.

ಹುಡುಗಿ ತನಗೆ ತೋಚಿದ ಉಪಾಯ ಹೂಡಿದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಂಚದ ಅಂಚಿಗೆ ಕೈ ಒತ್ತಿ ಹೆಬ್ಬೆರಳನ್ನೂ ಕಿರುಬೆರಳನ್ನೂ ಆದಷ್ಟು ಅಗಲಿಸಿ, ನೂರರ ತನಕ ಎಣಿಸುವುದು. ಆ ಕೈ, ಈ ಕೈ ಎರಡಕ್ಕೂ. ಎರಡು ವಾರ ಹೀಗೆ ನಡೆಯಿತು. ಒಂದು ಸೋಮವಾರ ಶಾಲೆಯಲ್ಲಿ ಬುತ್ತಿ ಡಬ್ಬದ ಮುಚ್ಚಳ ತೆಗೆಯಲಾಗದೆ ಗೆಳತಿಯ ಕೈಗೆ ಕೊಟ್ಟಳು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ತನಕ ನೋವು. ಸುದ್ದಿ ಗೆಳತಿಯ ಅಮ್ಮನ ಮೂಲಕ ಇವಳ ಅಮ್ಮನಿಗೆ ಮುಟ್ಟಿತು. ಆ ವಾರ ಕೀಬೋರ್ಡಿನ ಮೇಲೆ ಬಟ್ಟೆ ಹೊದೆಸಿದ್ದಾಯಿತು.

ಭಾನುವಾರ ಅಪ್ಪ ಮಗಳು ಎಂದಿನಂತೆ ಬಸ್ಸು ಹತ್ತಿದರು. ಕಾಣಿಯೂರು ದಾಟಿ ಪುತ್ತೂರಿಗೆ. ಕಲಿಸುವ ಟೀಚರು ಹಿಂದೆ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವರು, ಮಾತು ಕಡಿಮೆ. ಸಂಗತಿಯನ್ನೆಲ್ಲ ಕೇಳಿ ಅವರು ಬಿಳಿ ಹಾಳೆ, ಪೆನ್ಸಿಲು, ಅಡಿಪಟ್ಟಿ ತಂದರು. ಹುಡುಗಿ ಕೈಯನ್ನು ನೋವಾಗದಷ್ಟು ಬಿಡಿಸಿ ಇಟ್ಟಳು. ಸುತ್ತ ಗೆರೆ ಎಳೆದು ಅಳೆದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ 16 ಸೆಂಟಿಮೀಟರ್. ಆಮೇಲೆ ಪಿಯಾನೋದ ಏಳು ಬಿಳಿ ಕೀಗಳನ್ನು ಅಳೆದರು. ಅಂದರೆ ಒಂದು ಷಡ್ಜದ ನಡುವಿನಿಂದ ಮೇಲಿನ ಷಡ್ಜದ ನಡುವಿಗೆ ಇರುವ ದೂರ. ಅದು ಹದಿನಾರೂವರೆ.

"ಆ ಹಳೆಯದರಲ್ಲಿ ಎಷ್ಟುಂಟು ಕೇಳಿ" ಎಂದರು ಟೀಚರು. ಅಪ್ಪ ಮನೆಗೆ ಫೋನು ಮಾಡಿದರು. ಅಜ್ಜಿ ಹೊಲಿಗೆಯ ಟೇಪು ಹುಡುಕಿ ಅಳೆದು ಹೇಳಿದರು: ಹದಿಮೂರೂವರೆ.

"ನೋಡಿ ಅಣ್ಣ, ಹುಡುಗಿ ಕಲಿತದ್ದನ್ನು ಮರೆತದ್ದಲ್ಲ. ಕೀ ದೊಡ್ಡದಾದದ್ದು, ಅಷ್ಟೆ."

ಕೀಬೋರ್ಡ್ ಕೊಳ್ಳುವ ಎಷ್ಟೋ ತಂದೆತಾಯಿಯರು ಗಮನಿಸದ ವಿಷಯವಿದು. ಮಕ್ಕಳಿಗೆಂದು ಬರುವ ಅಗ್ಗದ ವಾದ್ಯಗಳಲ್ಲಿ ಹಲವಕ್ಕೆ ಮಿನಿ ಕೀಗಳಿರುತ್ತವೆ. ಅಂಗಡಿಯಲ್ಲಿ ಸ್ವರ ಎಷ್ಟು, ತಾಳ ಎಷ್ಟು ಬಗೆ ಎಂದು ಕೇಳುತ್ತೇವೆಯೇ ಹೊರತು ಅಡಿಪಟ್ಟಿ ಇಟ್ಟು ನೋಡುವುದಿಲ್ಲ. ಪಿಯಾನೋದ ಒಂದು ಬಿಳಿ ಕೀ ಸುಮಾರು 23.5 ಮಿಲಿಮೀಟರ್ ಅಗಲ. ಏಳು ಸೇರಿದರೆ ಹದಿನಾರೂವರೆ ಸೆಂಟಿಮೀಟರಿನ ಹತ್ತಿರ. ಇದಕ್ಕಿಂತ ತೀರ ಕಡಿಮೆ ಇದ್ದರೆ ಮುಂದೊಂದು ದಿನ ಮಗುವಿನ ಕೈ ಮತ್ತೆ ಮೊದಲಿನಿಂದ ದೂರಗಳನ್ನು ಕಲಿಯಬೇಕಾಗುತ್ತದೆ. ಆಗ 'ಹಿಂದೆ ಬಿದ್ದಳು' ಎಂಬ ಹೆಸರು ಬರುವುದು ಮಗುವಿಗೆ.

ಹಾಗಾದರೆ ಈ ಹದಿನಾರೂವರೆಯನ್ನು ಯಾರು ಯಾರ ಕೈ ನೋಡಿ ಗೊತ್ತುಮಾಡಿದರು? ಮೊಜಾರ್ಟನ ಕಾಲದ ವಿಯೆನ್ನಾ ಪಿಯಾನೋಗಳಲ್ಲಿ ಈ ಅಳತೆ ಸುಮಾರು 16 ಸೆಂಟಿಮೀಟರೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ದೊಡ್ಡ ಸಭಾಂಗಣಗಳಿಗೆ ದೊಡ್ಡ ಪಿಯಾನೋಗಳು ಬಂದವು. ವೇದಿಕೆ ಏರಿದ ಹೆಸರಾಂತ ವಾದಕರಲ್ಲಿ ಹೆಚ್ಚಿನವರು ಗಂಡಸರು. ಕೀಗಳೂ ಅಗಲವಾಗಿ, ಆ ಶತಮಾನ ಮುಗಿಯುವಷ್ಟರಲ್ಲಿ ಒಂದೇ ಅಳತೆ ಎಲ್ಲೆಡೆ ನಿಂತುಬಿಟ್ಟಿತು. 2015ರಲ್ಲಿ ಆಸ್ಟ್ರೇಲಿಯಾದ ರೋಂಡಾ ಬಾಯ್ಲ್ ಮತ್ತು ಸಂಗಡಿಗರು ನಾನೂರಕ್ಕೂ ಹೆಚ್ಚು ವಯಸ್ಕ ವಾದಕರ ಕೈ ಅಳೆದು ನೋಡಿದ ಲೆಕ್ಕ ಪ್ರಕಟಿಸಿದರು. ಗಂಡಸರ ಕೈಯ ಚಾಚು ಸರಾಸರಿ ಇಪ್ಪತ್ತೆರಡೂವರೆ ಸೆಂಟಿಮೀಟರ್, ಹೆಂಗಸರದ್ದು ಇಪ್ಪತ್ತು. ಮೊದಲನೆಯ ಬಿಳಿ ಕೀಯ ಜೊತೆಗೆ ಹತ್ತನೆಯದರ ಸ್ವರವನ್ನು ಹಿಡಿಯಬೇಕಾದರೆ ಸುಮಾರು 21 ಸೆಂಟಿಮೀಟರು ಬೇಕು. ಬೆಳೆದ ಹೆಂಗಸರಲ್ಲೇ ಎಷ್ಟೋ ಮಂದಿಗೆ ದಕ್ಕದ ದೂರ ಇದು. ಹನ್ನೆರಡರ ಹುಡುಗಿಯ ಪಾಡೇನು!

ಪಿಟೀಲು ಕಲಿಯುವ ಮಗುವಿಗೆ ಕಾಲು, ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳು ಅಂಗಡಿಯಲ್ಲೇ ಸಿಗುತ್ತವೆ. ಸೈಕಲಿಗೂ ಹಾಗೆಯೇ, ಚಪ್ಪಲಿಗೂ ಹಾಗೆಯೇ. ತೋಟದ ಕತ್ತಿಗೆ ಹಿಡಿ ಹಾಕಿಸುವಾಗ ಹಿಡಿಯುವವನ ಮುಷ್ಟಿ ನೋಡುತ್ತಾರೆ. ಪಿಯಾನೋಕ್ಕೆ ಮಾತ್ರ ಕೈಯೇ ಹೊಂದಿಕೊಳ್ಳಬೇಕೆಂಬ ಕಟ್ಟಳೆ. ಅದನ್ನು ಮೀರಿದವರು ಇಲ್ಲದಿಲ್ಲ. ಪೋಲೆಂಡಿನಲ್ಲಿ ಹುಟ್ಟಿದ ಜಗತ್ಪ್ರಸಿದ್ಧ ವಾದಕ ಜೋಸೆಫ್ ಹಾಫ್‌ಮನ್ನನದು ಸಣ್ಣ ಕೈ. ಅವನಿಗಾಗಿ ಸ್ಟೈನ್‌ವೇ ಕಂಪೆನಿ ಸ್ವಲ್ಪ ಕಿರಿದಾದ ಕೀಗಳ ಪಿಯಾನೋ ಮಾಡಿಕೊಟ್ಟಿತು. ಕೆನಡಾದ ಕ್ರಿಸ್ಟೋಫರ್ ಡಾನಿಸನ್ ಮತ್ತು ಅಮೆರಿಕದ ಡೇವಿಡ್ ಸ್ಟೈನ್‌ಬೂಲರ್ 1990ರ ದಶಕದಲ್ಲಿ ಸೇರಿ ಹದಿನಾಲ್ಕು ಸೆಂಟಿಮೀಟರಿನ ಅಳತೆಯ ಕೀಗಳನ್ನು ಬಳಕೆಗೆ ತಂದರು. ಅಷ್ಟು ದೂರ ಯಾಕೆ, ಬಂಟ್ವಾಳ ತಾಲೂಕಿನ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತದ ಗಮಕ ಬರಬೇಕೆಂದು ಆ ವಾದ್ಯದ ಕೀಗಳಲ್ಲೇ ಮಾರ್ಪಾಡು ಮಾಡಿಕೊಂಡರಲ್ಲ. ಅವರದು ಕೈಯ ಅಳತೆಯ ತೊಂದರೆಯಲ್ಲ, ಸಂಗೀತದ ಅಗತ್ಯ. ಆದರೂ ವಾದ್ಯ ಎಂಬುದು ಕಲ್ಲಿನಲ್ಲಿ ಕಡೆದಿಟ್ಟ ಮೂರ್ತಿಯಲ್ಲ ಎಂದು ಈ ಜಿಲ್ಲೆಯವರು ಕಣ್ಣಾರೆ ಕಂಡದ್ದು ಅವರಲ್ಲಿ.

ಅದಿರಲಿ. ಪಂಜದ ಮನೆಗೆ ಕಿರಿದಾದ ಕೀಗಳ ಪಿಯಾನೋ ಬರುವಂತಿಲ್ಲ. ಇರುವ ಕೈಯಲ್ಲಿ ಇರುವ ಕೀಗಳನ್ನು ನುಡಿಸುವುದು ಹೇಗೆ?

ಟೀಚರು ಮೊದಲು ಮಾಡಿದ್ದು ಮಂಚದ ಅಂಚಿನ ಕಸರತ್ತನ್ನು ನಿಲ್ಲಿಸಿದ್ದು. ಎಲುಬನ್ನು ಎಳೆದು ಉದ್ದ ಮಾಡಲಾಗದು. ಎಳೆದರೆ ನೋಯುವುದು ಸ್ನಾಯು, ನರ, ಗಂಟುಗಳು. ಜರ್ಮನಿಯ ರಾಬರ್ಟ್ ಶೂಮನ್ ಯೌವನದಲ್ಲಿ ಬೆರಳನ್ನು ಪಳಗಿಸಲು ಒಂದು ಯಂತ್ರ ಬಳಸಿದ್ದ. ಅವನ ಬಲಗೈಯ ಬೆರಳು ಕೆಟ್ಟದ್ದು ಅದರಿಂದಲೋ ಬೇರೆ ಕಾರಣದಿಂದಲೋ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ಅಂತೂ 1832ರ ಹೊತ್ತಿಗೆ ಪಿಯಾನೋ ವಾದಕನಾಗುವ ಆಸೆಯನ್ನು ಅವನು ಕೈಬಿಡಬೇಕಾಯಿತು. ಶೂಮನ್ ದೊಡ್ಡ ಸಂಗೀತ ರಚನಕಾರನಾದ, ನಿಜ. ಹಾಗೆಂದು ಯಾವ ತಾಯಿಯೂ ಮಗುವಿನ ಕೈಯನ್ನು ಪಣಕ್ಕಿಡಲಾರಳು.

ನೋವು ಪೂರ್ತಿ ಇಳಿಯುವ ತನಕ ಎಡಗೈಗೆ ರಜೆ. ಮೂರು ವಾರ ಬರೀ ಬಲಗೈ. ಆಮೇಲೆ ಕಲಿಸಿದ್ದು ಕೀಗಳ ಹೊರ ಅಂಚಿನಲ್ಲಿ ನುಡಿಸುವುದನ್ನು. ಕಪ್ಪು ಕೀಗಳ ಸಂದಿನಲ್ಲಿ ಬೆರಳು ತೂರಿಸಿದರೆ ಕೈ ಇನ್ನಷ್ಟು ಇಕ್ಕಟ್ಟಾಗುತ್ತದೆ. ಒತ್ತಿದ ಕೂಡಲೇ ಕೈಯನ್ನು ಮಡಚಿ ಸಡಿಲ ಬಿಡಬೇಕು, ಚಾಚಿಕೊಂಡೇ ಇರಬಾರದು. ಎರಡು ಷಡ್ಜಗಳು ಒಟ್ಟಿಗೆ ಸಿಗದಿದ್ದರೆ ಒಂದರ ಹಿಂದೆ ಒಂದು: ಕೆಳಗಿನದನ್ನು ಮೊದಲು ಒತ್ತಿ, ಕಾಲಿನ ಪೆಡಲಿನಲ್ಲಿ ಅದರ ನಾದವನ್ನು ಹಿಡಿದಿಟ್ಟು, ಮೇಲಿನದಕ್ಕೆ ಹೋಗುವುದು. ವೀಣೆಯ ತಂತಿಗಳನ್ನು ಬೆರಳಿನಿಂದ ಸವರಿಕೊಂಡು ಹೋದ ಹಾಗೆ. ಇಗರ್ಜಿಯ ಆರ್ಗನ್ನಿನಲ್ಲಿ ಈ ಅನುಕೂಲವಿಲ್ಲ, ಕೈ ಎತ್ತಿದರೆ ಸ್ವರ ನಿಂತಿತು ಎಂದು ಟೀಚರು ತಮ್ಮ ಹಳೆಯ ಕಷ್ಟವನ್ನೂ ಹೇಳಿಕೊಂಡರು. ಬಲಗೈ ಖಾಲಿ ಇದ್ದಾಗ ಎಡಗೈಯ ಮೇಲಿನ ಸ್ವರವನ್ನು ಅದು ತೆಗೆದುಕೊಳ್ಳಬಹುದು. ಕೇಳುವವರಿಗೆ ಯಾವ ಕೈ ಎಂದು ಗೊತ್ತಾಗುವುದಿಲ್ಲ.

"ಹೀಗೆ ಮಾಡುವುದು ಕಳ್ಳಾಟ ಅಲ್ವಾ ಟೀಚರ್?" ಹುಡುಗಿಗೆ ಅದೇ ಚಿಂತೆ.

ಟೀಚರು ರಷ್ಯದ ರಾಖ್ಮನಿನೋವನ ಕತೆ ಹೇಳಿದರು. ಅವನದು ಭಾರೀ ಕೈ. 1901ರಲ್ಲಿ ಮುಗಿಸಿದ ಎರಡನೆಯ ಪಿಯಾನೋ ಕಾನ್ಸರ್ಟೋದ ಆರಂಭದಲ್ಲೇ ಎಡಗೈಗೆ ಹತ್ತು ಕೀಗಳಷ್ಟು ಅಗಲದ ಸ್ವರಗೊಂಚಲುಗಳನ್ನು ಬರೆದಿಟ್ಟ. ಸಣ್ಣ ಕೈಯ ವಾದಕರು ಇಂದಿಗೂ ಅವನ್ನು ಬಿಡಿಸಿ, ಒಂದೊಂದಾಗಿ ಏರಿಸಿ ನುಡಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಸ್ಪೇನಿನ ಅಲಿಸಿಯಾ ಡಿ ಲರೋಚಾ ಐದಡಿಯೂ ಇರಲಿಲ್ಲ. 2009ರಲ್ಲಿ ತೀರಿಕೊಂಡ ಆಕೆ ರಾಖ್ಮನಿನೋವನನ್ನೂ ನುಡಿಸಿದವರು.

ಅಪ್ಪನಿಗೆ ಬೇರೆ ಅಳುಕು: ಇದೆಲ್ಲ ಪರೀಕ್ಷೆಯಲ್ಲಿ ನಡೆಯುತ್ತದೆಯೇ? ಹುಡುಗಿ ಕಟ್ಟಬೇಕಿದ್ದದ್ದು ಲಂಡನ್ನಿನ ಎ.ಬಿ.ಆರ್.ಎಸ್.ಎಂ. ಮಂಡಳಿಯ ಗ್ರೇಡ್ ಪರೀಕ್ಷೆ. ಅದರ ನಿಯಮಾವಳಿಯಲ್ಲೇ ಇದಕ್ಕೆ ಉತ್ತರವಿದೆ. ಕೈಯ ಚಾಚು ಸಾಲದವರು ಅಗಲದ ಸ್ವರಗಳನ್ನು ಬಿಡಿಸಿ ನುಡಿಸಬಹುದು, ಕೆಲವನ್ನು ಬಿಟ್ಟೂ ಬಿಡಬಹುದು. ಒಟ್ಟು ಸಂಗೀತ ಕೆಡಬಾರದು, ಅಷ್ಟೆ. ಮೊಬೈಲಿನಲ್ಲಿ ಆ ಸಣ್ಣ ಅಕ್ಷರಗಳನ್ನು ಅಪ್ಪ ಎರಡು ಸಲ ಓದಿದರು. ಫೀಸು ಕಟ್ಟುವ ಪುಟವನ್ನು ಮಾತ್ರ ಓದಿ ಇದನ್ನು ದಾಟಿ ಹೋಗಿದ್ದರಂತೆ. ಬಸ್ಸಿನಲ್ಲಿ ಬರುವಾಗ ಅವರು ಮಗಳ ಹತ್ತಿರ ಹೆಚ್ಚು ಮಾತಾಡಲಿಲ್ಲ. ಪಂಜದಲ್ಲಿ ಇಳಿದವರು ಅವಳ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡರು.

ಇನ್ನು ಉಳಿದದ್ದು ಯಾವ ಸ್ವರ ಬಿಡುವುದೆಂಬ ಪ್ರಶ್ನೆ. ಕೆಳಗಿನ ಷಡ್ಜ ಬಿಟ್ಟರೆ ಬುಡವೇ ಇಲ್ಲ. ಗಾಂಧಾರ ಬಿಟ್ಟರೆ ಮುಖವೇ ಇಲ್ಲ. ಸ್ವರಗೊಂಚಲು ನಗುತ್ತದೋ ಅಳುತ್ತದೋ ಎಂದು ತಿಳಿಸುವುದೇ ಅದು. ನಡುವಿನ ಪಂಚಮ ಹೋದರೆ ಕಿವಿಗೆ ಅಷ್ಟಾಗಿ ತಿಳಿಯದು. ಹುಡುಗಿ ಒಂದೊಂದನ್ನೇ ಬಿಟ್ಟು ಕೇಳಿ ನೋಡಿ ತಾನೇ ಈ ತೀರ್ಮಾನಕ್ಕೆ ಬಂದಳು. ಎಳವೆಯಲ್ಲಿ ಹಾಡುಗಾರಿಕೆ ಕಲಿತಿದ್ದ ಅಜ್ಜಿಗೆ ಇದು ಕೇಳಿ ದಿಗಿಲು. "ಪಂಚಮವನ್ನೇ ಬಿಡುವುದಾ?" ತಂಬೂರಿಯಲ್ಲಿ ಪಂಚಮ ಕೇಳಿ ಬೆಳೆದ ಕಿವಿ ಅದು. ಸ್ವಲ್ಪ ಹೊತ್ತು ಕೂತು ಯೋಚಿಸಿ ಅವರೇ ಸಮಾಧಾನ ಮಾಡಿಕೊಂಡರು: "ಹಿಂದೋಳದಲ್ಲೂ ಇಲ್ಲ, ಶ್ರೀರಂಜನಿಯಲ್ಲೂ ಇಲ್ಲ. ಅವು ರಾಗ ಅಲ್ವಾ ಮತ್ತೆ?"

ಟೀಚರು ಎಳೆದುಕೊಟ್ಟ ಕೈಯ ಚಿತ್ರವನ್ನು ಹುಡುಗಿ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದಾಳೆ. ಅಲ್ಲೇ ಪಕ್ಕದಲ್ಲಿ ಮಕ್ಕಳ ಎತ್ತರದ ಗೆರೆಗಳೂ ಇವೆ. ದೀಪಾವಳಿಯ ರಜೆಯಲ್ಲಿ ಪುನಃ ಕೈಯಿಟ್ಟು ಅಳೆದಾಗ 16ರ ಮೇಲೆ ಎರಡು ಮಿಲಿಮೀಟರ್ ಹೆಚ್ಚು ಕಂಡಿತು. ಅವಳು ಮನೆಯೆಲ್ಲ ಕೂಗಿ ಹೇಳಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು.

"ಪೆನ್ಸಿಲು ಮೊಂಡಾಗಿದೆ ಮಗಾ" ಎಂದರು.